ಮೀಟಿಂಗ್ ರೂಮಿಗೆ ಕೆಸರು ತಂದ ಕಥೆ

ಕಾರು ಕಂಪನಿಯಲ್ಲಿ ಕೆಲಸ ಅಂದ ತಕ್ಷಣ ನೆಂಟರೆಲ್ಲ ಕೇಳುವುದು ಒಂದೇ ಪ್ರಶ್ನೆ, ಡಿಸ್ಕೌಂಟ್ ಎಷ್ಟು ಕೊಡಿಸ್ತೀಯ ಅಂತ. ನಿನ್ನ ಕೆಲಸ ಏನಪ್ಪಾ ಅಂತ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವುದು ಕಷ್ಟ. ನಾನು ಇಂಜಿನ್ ಮಾಡುವವನಲ್ಲ, ಬಾಡಿಯ ಚಿತ್ರ ಬರೆಯುವವನೂ ಅಲ್ಲ. ಡಿಸೈನ್‌ನವರು, ಸಸ್ಪೆನ್ಷನ್‌ನವರು, ಸೀಟಿನವರು, ಖರ್ಚಿನ ಲೆಕ್ಕದವರು ಎಲ್ಲರೂ ಒಂದೇ ಗಾಡಿಯನ್ನು ನಾಲ್ಕು ಕಡೆ ಎಳೆಯುತ್ತಿರುತ್ತಾರಲ್ಲ, ಅವರ ನಡುವೆ ಕೂತು ರಾಜಿ ಮಾಡಿಸುವುದು ನನ್ನ ಕೆಲಸ. ಪಂಚಾಯ್ತಿ ಕೆಲಸ ಅನ್ನಿ.

ಕಂಪನಿ ಹೆಸರು ಹೇಳುವುದಿಲ್ಲ, ಗಾಡಿ ಹೆಸರೂ ಹೇಳುವುದಿಲ್ಲ. ಹೊಸ ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಗಾಡಿ ಅಂತ ಇಟ್ಟುಕೊಳ್ಳಿ. ಪ್ರಾಜೆಕ್ಟ್ ಶುರುವಾದಾಗ ಮೇಲಿನಿಂದ ಬಂದ ಕಾಗದದಲ್ಲಿ ಇದ್ದದ್ದು ಎರಡೇ ಮಾತು. ಒಳಗೆ ಕೂತರೆ ಲಕ್ಷುರಿ ಕಾರು ಅನ್ನಿಸಬೇಕು, ಹೊರಗೆ ಎಂಥ ಕಾಡು ದಾರಿಯಲ್ಲೂ ನಿಲ್ಲಬಾರದು. ಬರೆದವರಿಗೆ ಐದು ನಿಮಿಷ ಹಿಡಿದಿರಬೇಕು. ನಮಗೆ ವರ್ಷಗಳು ಹಿಡಿದವು.

ಮೊದಲ ಜಗಳ ಚಕ್ರದ ಮೇಲೆ. ಡಿಸೈನ್‌ನವರಿಗೆ 20 ಇಂಚಿನ ಅಲಾಯ್ ಚಕ್ರ ಬೇಕು. ನಿಜ ಹೇಳಬೇಕೆಂದರೆ ನೋಡಲು ಚೆನ್ನಾಗಿಯೇ ಇತ್ತು, ನನಗೂ ಇಷ್ಟವಾಗಿತ್ತು. ಆದರೆ ಟೈರಿನ ಲೆಕ್ಕ ಬೇರೆ ಹೇಳುತ್ತದೆ. 255/65 ಆರ್ 18 ಅಂತ ಒಂದು ಟೈರು ಇದೆ ಅಂದುಕೊಳ್ಳಿ. 255 ಅಂದರೆ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 65 ಅಂದರೆ ಆ ಅಗಲದ ನೂರಕ್ಕೆ 65ರಷ್ಟು ಸೈಡ್‌ವಾಲ್ ಎತ್ತರ, ಅಂದರೆ ಟೈರಿನ ಪಕ್ಕದ ರಬ್ಬರ್ ಗೋಡೆಯ ಎತ್ತರ, ಸುಮಾರು 166 ಮಿ.ಮೀ. 18 ಅಂದರೆ ಟೈರು ಕೂರುವ ಲೋಹದ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದೇ ಗಾಡಿಗೆ 20 ಇಂಚಿನ ರಿಮ್ ಹಾಕಬೇಕು, ಟೈರಿನ ಒಟ್ಟು ಎತ್ತರ ಮಾತ್ರ ಬದಲಾಗಬಾರದು ಅಂದರೆ 255/55 ಆರ್ 20ಕ್ಕೆ ಹೋಗಬೇಕು. ಆಗ ಸೈಡ್‌ವಾಲ್ 140 ಮಿ.ಮೀ. ಅಂದರೆ ಸುತ್ತಲೂ ಒಂದೊಂದು ಇಂಚು ರಬ್ಬರ್ ಹೋಗಿ ಆ ಜಾಗಕ್ಕೆ ಲೋಹ ಬಂತು.

ಒಂದಿಂಚು ತಾನೇ, ಅದರಿಂದೇನು ಅನ್ನಬಹುದು. ಕಲ್ಲಿನ ಮೇಲೆ, ಮರಳಿನಲ್ಲಿ ಹೋಗುವಾಗ ಟೈರಿನ ಗಾಳಿ ಇಳಿಸುತ್ತಾರೆ, 32-33 ಪಿಎಸ್‌ಐ ಒತ್ತಡ ಇದ್ದದ್ದನ್ನು 20ರ ಹತ್ತಿರಕ್ಕೆ ತರುತ್ತಾರೆ. ಆಗ ಟೈರು ಮೆತ್ತಗಾಗಿ ನೆಲವನ್ನು ಉದ್ದಕ್ಕೆ ತಬ್ಬಿಕೊಳ್ಳುತ್ತದೆ, ಹಿಡಿತ ಜಾಸ್ತಿಯಾಗುತ್ತದೆ. ಹಾಗೆ ಮೆತ್ತಗಾಗಲು ಸೈಡ್‌ವಾಲ್ ಎತ್ತರವಿರಬೇಕು. ಅದು ಗಿಡ್ಡವಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟೈರು ಕತ್ತರಿಸಿ ಹೋಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಮೊದಲ ಸ್ಪ್ರಿಂಗ್ ಕೂಡ ಟೈರೇ, ಸಸ್ಪೆನ್ಷನ್ ಆಮೇಲೆ. ಹಾಗಾಗಿ ಆ ಒಂದಿಂಚು ಹೋದರೆ ಗಟ್ಟಿತನದ ಜೊತೆಗೆ ಮೆತ್ತನೆಯ ಸವಾರಿಯೂ ಹೋಗುತ್ತದೆ. ಲಕ್ಷುರಿಗಾಗಿ ಹಾಕಿದ ಚಕ್ರ ಲಕ್ಷುರಿಯನ್ನೇ ತಿನ್ನುತ್ತದೆ.

ಇದನ್ನೆಲ್ಲ ಗ್ರಾಫ್ ಹಾಕಿ, ಟೇಬಲ್ ಹಾಕಿ ಮೂರು ಮೀಟಿಂಗ್‌ಗಳಲ್ಲಿ ಹೇಳಿದೆ. ಯಾರೂ ಅಲ್ಲ ಅನ್ನಲಿಲ್ಲ, ಸುಮ್ನೆ ತಲೆ ಆಡಿಸಿದರು. ನಾಲ್ಕನೇ ಮೀಟಿಂಗ್‌ನಲ್ಲಿ 20 ಇಂಚು ಪಾಸಾಯಿತು.

ಬೇಜಾರಾಯಿತು. ಆದರೆ ಯಾಕೆ ಸೋತೆ ಅಂತ ಆಮೇಲೆ ಯೋಚಿಸಿದಾಗ ಗೊತ್ತಾಗಿದ್ದು ಇಷ್ಟು. ಚಕ್ರ, ಲೆದರ್, ದೊಡ್ಡ ಪರದೆ ಇವೆಲ್ಲ ಶೋರೂಮಿನಲ್ಲಿ ಹತ್ತು ನಿಮಿಷದಲ್ಲಿ ಕಣ್ಣಿಗೆ ಬೀಳುತ್ತವೆ. ಗಟ್ಟಿತನ ಕಾಣಬೇಕಾದರೆ ಕಡಿಮೆ ಅಂದರೂ ಒಂದು ಮಳೆಗಾಲ ಬೇಕು. ನಮ್ಮ ಮೀಟಿಂಗ್ ರೂಮಿನಲ್ಲಿ ಎಸಿ ಇದೆ, ಬಿಸ್ಕತ್ತು ಇದೆ, ಮಳೆಗಾಲ ಇಲ್ಲ. ಅಲ್ಲಿ ಲಕ್ಷುರಿ ಪರ ಮಾತಾಡಲು ಬಣ್ಣಬಣ್ಣದ ಸ್ಯಾಂಪಲ್‌ಗಳಿದ್ದವು. ಕೆಸರಿನ ಪರ ಮಾತಾಡಲು ನನ್ನ ಎಕ್ಸೆಲ್ ಶೀಟ್ ಒಂದೇ.

ಜುಲೈನಲ್ಲಿ ಪರೀಕ್ಷೆಯ ಗಾಡಿ ತೆಗೆದುಕೊಂಡು ಸಕಲೇಶಪುರದ ಕಡೆ ಹೋದೆವು. ಸಹೋದ್ಯೋಗಿಯ ನೆಂಟರದ್ದು ಅಲ್ಲಿ ಕಾಫಿ ಎಸ್ಟೇಟ್ ಇತ್ತು. ಮಲೆನಾಡಿನವರಿಗೆ ಹೇಳಬೇಕಿಲ್ಲ, ಜುಲೈ ಅಂದರೆ ಅಲ್ಲಿ ರಸ್ತೆ ಅನ್ನುವುದೇ ಇರುವುದಿಲ್ಲ, ಕೆಂಪು ನೀರು ಹರಿಯುವ ಕಾಲುವೆ ಇರುತ್ತದೆ, ಮಧ್ಯದಲ್ಲಿ ಕಲ್ಲು. ಅಲ್ಲಿನ ಜೀಪ್ ಡ್ರೈವರ್ ಒಬ್ಬರು ನಮಗೆ ದಾರಿ ತೋರಿಸಲು ಬಂದರು, ಆ ತೋಟದಲ್ಲಿ ಗೊಬ್ಬರದ ಮೂಟೆ, ಆಳುಗಳು, ಕಾಫಿ ಚೀಲ ಎಲ್ಲ ಸಾಗಿಸುತ್ತಾ ವಯಸ್ಸಾದವರು. ಮೇಲಿನ ತೋಟಕ್ಕೆ ಹತ್ತುವಾಗ ನಮ್ಮ ಮುಂದಿನ ಎಡಗಡೆ ಟೈರು ಒಂದು ಕಲ್ಲಿನ ಅಂಚಿಗೆ ಸಿಕ್ಕಿ ಸೀಳಿತು. ಅವರು ಕೊಡೆ ಹಿಡಿದುಕೊಂಡು ಬಗ್ಗಿ ನೋಡಿ, 'ಸಾರ್, ಇದರಲ್ಲಿ ಟೈರೇ ಇಲ್ವಲ್ಲ, ಬರೀ ರಿಮ್ಮು' ಅಂದರು. ನಾನು ಮೂರು ಮೀಟಿಂಗ್‌ನಲ್ಲಿ ಹೇಳಿದ್ದು ಅಷ್ಟೇ.

ಆದರೆ ಆ ದಿನ ನಿಜವಾಗಿ ಕಲಿತದ್ದು ಟೈರಿನ ವಿಷಯವಲ್ಲ.

ಸಂಜೆ ಎಸ್ಟೇಟಿನ ಯಜಮಾನರು, ಅಲ್ಲಿ ಎಲ್ಲರೂ ಗೌಡ್ರು ಅನ್ನುತ್ತಾರೆ, ಗಾಡಿಯಲ್ಲಿ ಒಂದು ಸುತ್ತು ಬಂದರು. ಬಿಳಿ ಪಂಚೆ, ಬಿಳಿ ಶರ್ಟು. ಸೀಟು ಹಿಡಿಸಿತು, ಗಾಡಿಯ ಒಳಗಿನ ನಿಶ್ಶಬ್ದ ಹಿಡಿಸಿತು, 'ಪರವಾಗಿಲ್ಲ ಕಣ್ರೀ' ಅಂದರು. ಆ ಕಡೆ ಇದು ದೊಡ್ಡ ಹೊಗಳಿಕೆ. ಮನೆ ಮುಂದೆ ಬಾಗಿಲು ತೆಗೆದು ಇಳಿದರು. ಇಳಿಯುವಾಗ ಮೀನಖಂಡ ಬಾಗಿಲ ಕೆಳಗಿನ ಪಟ್ಟಿಗೆ ತಾಗಿತು. ಪಂಚೆಯ ಹಿಂದೆ ಒಂದು ಗೇಣು ಉದ್ದಕ್ಕೆ ಕೆಂಪು ಕೆಸರಿನ ಗೆರೆ. ಅವರು ಬೈಯಲಿಲ್ಲ. ಪಂಚೆ ತಿರುಗಿಸಿ ನೋಡಿಕೊಂಡು ಹೇಳಿದರು, 'ಹಳೇ ಜೀಪಲ್ಲಾದ್ರೆ ಕೊಳೆ ಆಗುತ್ತೆ ಅಂತ ಗೊತ್ತೇ ಇರುತ್ತೆ. ಇಷ್ಟು ದುಡ್ಡು ಕೊಟ್ಟು ಇದರಲ್ಲೂ ಪಂಚೆ ಎತ್ತಿ ಹಿಡ್ಕೊಂಡೇ ಇಳೀಬೇಕಾ?'

ನಾವು ಅಷ್ಟು ದಿನ ಮಾಡುತ್ತಿದ್ದದ್ದು ತಕ್ಕಡಿ ತೂಗುವ ಕೆಲಸ. ಈ ತಟ್ಟೆಯಲ್ಲಿ ಲಕ್ಷುರಿ, ಆ ತಟ್ಟೆಯಲ್ಲಿ ಗಟ್ಟಿತನ, ಒಂದಕ್ಕೆ ಹಾಕಿದರೆ ಇನ್ನೊಂದರಿಂದ ತೆಗೆಯಬೇಕು ಅನ್ನುವ ಹಾಗೆ. ಈ ಮನುಷ್ಯ ಕೇಳಿದ್ದು ಎರಡೂ ತಟ್ಟೆಯಲ್ಲಿ ಇರಲಿಲ್ಲ. ಅವರಿಗೆ ಕೆಸರಿನಲ್ಲಿ ಹೋಗಲೇಬೇಕು, ದಿನಾ ಹೋಗುತ್ತಾರೆ. ಹೋಗಿ ಬಂದ ಮೇಲೂ ಪಂಚೆ ಬಿಳಿಯಾಗಿರಬೇಕು.

ಇದಕ್ಕೆ ಉಪಾಯ ಹೊಸದೇನೂ ಅಲ್ಲ. ಬಾಗಿಲನ್ನು ಕೆಳಗಿನವರೆಗೆ ಇಳಿಸಿ ಆ ಪಟ್ಟಿಯನ್ನು ಪೂರ್ತಿ ಮುಚ್ಚುವುದು, ಕೆಳಗಿನ ಅಂಚಿಗೆ ಇನ್ನೊಂದು ರಬ್ಬರ್ ಬೀಡಿಂಗ್ ಕೊಡುವುದು. ಕೆಸರೆಲ್ಲ ಬಾಗಿಲ ಹೊರಮೈಗೆ ಹೊಡೆಯುತ್ತದೆ, ಬಾಗಿಲು ತೆಗೆದಾಗ ಪಟ್ಟಿ ಒಣಗಿರುತ್ತದೆ. ಇನ್ನೊಂದು ಬೀಡಿಂಗ್ ಇದ್ದರೆ ಧೂಳೂ ಕಡಿಮೆ, ಸದ್ದೂ ಕಡಿಮೆ. ನಮ್ಮ ಮೊದಲಿನ ಯೋಜನೆಯಲ್ಲೂ ಇದು ಇತ್ತು, ಖರ್ಚು ಉಳಿಸಲು ಹೊಡೆದು ಹಾಕಿದ್ದೆವು. ಹೊಡೆದು ಹಾಕುವಾಗ ನಾನೂ ಕೈ ಎತ್ತಿದ್ದೆ, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮಾರನೇ ದಿನ ಬೆಳಿಗ್ಗೆ ಹೊರಡುವ ಮೊದಲು ಲಾಡ್ಜಿನ ಬಿಳಿ ಟವೆಲ್ ತಂದು ನಾಲ್ಕೂ ಬಾಗಿಲ ಪಟ್ಟಿ ಒರೆಸಿದೆ. ಟವೆಲ್ ದುಡ್ಡು ಕೊಟ್ಟೇ ಬಂದೆ, ಆ ಬಿಲ್ಲು ಇವತ್ತಿಗೂ ಕಂಪನಿ ಕೊಟ್ಟಿಲ್ಲ, ಇರಲಿ. ಮುಂದಿನ ಮೀಟಿಂಗ್‌ಗೆ ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಆ ಟವೆಲ್ಲನ್ನು ಮೇಜಿನ ಮೇಲೆ ಹರಡಿದೆ, ಪಕ್ಕದಲ್ಲಿ ಸೀಳಿದ ಟೈರಿನ ತುಂಡು ಇಟ್ಟೆ. ಒಣಗಿದ ಮಣ್ಣು ಮೇಜಿನ ತುಂಬ ಉದುರಿತು. ಡಿಸೈನ್‌ನ ಮುಖ್ಯಸ್ಥೆ ಟವೆಲ್ ಮೂಲೆ ಎತ್ತಿ ನೋಡಿ, ಇದು ನನ್ನ ಸೀರೆಗೆ ಆದರೆ ಆ ಗಾಡಿ ಹತ್ತುವುದೇ ಇಲ್ಲ ಅಂದರು. ಬೀಡಿಂಗ್ ಹತ್ತು ನಿಮಿಷದಲ್ಲಿ ವಾಪಸ್ ಬಂತು. ಚಕ್ರದ ವಿಷಯ ಎರಡು ವಾರ ಎಳೆಯಿತು, ಕೊನೆಗೆ ಫೋರ್ ವೀಲ್ ಡ್ರೈವ್ ಮಾದರಿಗೆ 18 ಇಂಚು, ಟೂ ವೀಲ್ ಡ್ರೈವ್‌ನ ಮೇಲಿನ ಮಾದರಿಗೆ 20 ಇಂಚು ಅಂತ ತೀರ್ಮಾನವಾಯಿತು. 18 ಇಂಚಿಗೂ ಚಂದದ ವಿನ್ಯಾಸ ಮಾಡಿಕೊಟ್ಟವರು ಆ ಮುಖ್ಯಸ್ಥೆಯೇ.

ಗೆದ್ದೆ ಅಂತ ಬೀಗುವ ಹಾಗಿರಲಿಲ್ಲ. ಸನ್‌ರೂಫಿನಲ್ಲಿ ಸೋತೆ. ದೊಡ್ಡ ಗಾಜಿನ ಛಾವಣಿ ಬೇಡ ಅಂತ ನನ್ನ ವಾದ. ಎತ್ತರದ ಗಾಡಿಯ ತಲೆಯ ಮೇಲೇ ಭಾರ ಕೂರುತ್ತದೆ. ಇನ್ನೊಂದು, ಏರುಪೇರು ನೆಲದಲ್ಲಿ ಎದುರುಬದುರು ಮೂಲೆಯ ಎರಡು ಚಕ್ರ ಮೇಲೆದ್ದು ನಿಂತರೆ ಇಡೀ ಬಾಡಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಹಾಗೆ ನಿಲ್ಲಿಸಿ ಬಾಗಿಲು, ಹಿಂದಿನ ಡೋರು ಸಲೀಸಾಗಿ ತೆಗೆದು ಹಾಕಲು ಬರುತ್ತದಾ ಅಂತ ನಾವು ಪರೀಕ್ಷೆ ಮಾಡುತ್ತೇವೆ. ಛಾವಣಿಯಲ್ಲಿ ದೊಡ್ಡ ಕಿಂಡಿ ಕೊರೆದರೆ ಆ ತಿರುಚು ತಡೆಯಲು ಸುತ್ತ ಜಾಸ್ತಿ ಉಕ್ಕು ಹಾಕಬೇಕು, ಇಲ್ಲದಿದ್ದರೆ ಎರಡು ವರ್ಷಕ್ಕೆ ಕಿರ್ ಕಿರ್ ಶುರು. ಆದರೆ ನಮ್ಮ ದೇಶದಲ್ಲಿ ಸನ್‌ರೂಫ್ ಇಲ್ಲದ ದುಬಾರಿ ಗಾಡಿ ಮಾರುವುದು ಒಗ್ಗರಣೆ ಇಲ್ಲದ ಸಾರು ಬಡಿಸಿದ ಹಾಗೆ. ಉಕ್ಕು ಹಾಕಿದೆವು, ತೂಕ ಏರಿತು.

ಇಂಥ ತಿಕ್ಕಾಟ ನಮ್ಮೊಬ್ಬರದಲ್ಲ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್‌ನಲ್ಲಿ ಇದ್ದದ್ದು ಎರಡೇ ಬಾಗಿಲು, ವಿನೈಲ್ ಸೀಟು, ಪೈಪ್ ಹಿಡಿದು ನೀರು ಬಿಟ್ಟು ತೊಳೆಯಬಹುದಾದ ಒಳಾಂಗಣ. ಇವತ್ತು ಲಕ್ಷುರಿಗೆ ಇನ್ನೊಂದು ಹೆಸರು ಅನ್ನಿಸಿಕೊಂಡ ಗಾಡಿ ಅದು. ಆಗಿನ ಜನ ಅದನ್ನು ಮೆಚ್ಚಿದ್ದಕ್ಕೆ ಒಂದು ಮುಖ್ಯ ಕಾರಣ ಕಾಯಿಲ್ ಸ್ಪ್ರಿಂಗ್, ಗದ್ದೆಯಲ್ಲೂ ಹೆದ್ದಾರಿಯಲ್ಲೂ ಮೈ ಕುಲುಕುತ್ತಿರಲಿಲ್ಲ. ಕಂಪನಿಯೇ ನಾಲ್ಕು ಬಾಗಿಲು ಕೊಟ್ಟಿದ್ದು 1981ರಲ್ಲಿ. ಮರ್ಸಿಡಿಸ್ ಜಿ ಕ್ಲಾಸ್ 1979ರದ್ದು. 2018ರಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಹೊಸದಾಗಿ ಮಾಡಿದಾಗಲೂ ಮೂರು ಡಿಫರೆನ್ಷಿಯಲ್ ಲಾಕ್ (ಒಂದು ಚಕ್ರ ಜಾರಿದರೂ ಉಳಿದ ಚಕ್ರಕ್ಕೆ ಶಕ್ತಿ ಹೋಗುವ ಹಾಗೆ ಮಾಡುವ ವ್ಯವಸ್ಥೆ) ಬಿಡಲಿಲ್ಲ, ಬಾಗಿಲು ಹಾಕಿದಾಗ ಬರುವ ಆ ಹಳೇ 'ಠಕ್' ಸದ್ದನ್ನೂ ಬಿಡಲಿಲ್ಲ. ಕೊಳ್ಳುವವರಲ್ಲಿ ಮೂರೂ ಲಾಕ್ ಒತ್ತುವವರು ಎಷ್ಟು ಜನ ಇರಬಹುದು ಹೇಳಿ? ಆದರೂ ಅದನ್ನು ತೆಗೆದರೆ ಗಾಡಿಯ ಗತ್ತೇ ಹೋಗುತ್ತದೆ ಅಂತ ಅವರಿಗೆ ಗೊತ್ತು.

ನಮ್ಮಲ್ಲೇ ನೋಡಿ. ಮಹೀಂದ್ರ ಥಾರ್ ಮೂರು ಬಾಗಿಲಿನದು, ವೀಲ್‌ಬೇಸ್ ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2450 ಮಿ.ಮೀ. 2024ರಲ್ಲಿ ಬಂದ ಥಾರ್ ರಾಕ್ಸ್‌ಗೆ ಹಿಂದೆ ಕೂರುವವರಿಗಾಗಿ ಐದು ಬಾಗಿಲು, ವೀಲ್‌ಬೇಸ್ 2850. ಮನೆಮಂದಿಗೆ ಅನುಕೂಲ. ಆದರೆ ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ತಾಗದಿರುವ ಕೋನ ಸುಮಾರು 27 ಡಿಗ್ರಿಯಿಂದ 24ರ ಆಸುಪಾಸಿಗೆ ಇಳಿಯಿತು. ಇದು ರೇಖಾಗಣಿತ, ಯಾರ ತಪ್ಪೂ ಅಲ್ಲ. ರಾಕ್ಸ್ ಬಂದಾಗ ಒಳಗೆ ಬಿಳಿ ಸೀಟು, ಜನ ಆನ್‌ಲೈನ್‌ನಲ್ಲಿ ಗೊಣಗಿದರು, ಆಮೇಲೆ ಫೋರ್ ವೀಲ್ ಡ್ರೈವ್ ಮಾದರಿಗಳಿಗೆ ಕಂದು ಬಣ್ಣದ ಆಯ್ಕೆ ಬಂತು. ನಮ್ಮ ಆಫೀಸಿನಲ್ಲೂ ತಿಳಿ ಬಣ್ಣದ ಸೀಟಿಗೆ ಅಭಿಮಾನಿಗಳಿದ್ದರು. ಆ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವರು, ನಮ್ಮ ಗಾಡಿಯ ಸೀಟು ನೋಡಿ, 'ಇದನ್ನ ತೊಳೆಯೋರು ಯಾರು ಸಾರ್?' ಅಂತ ಕೇಳಿದ್ದನ್ನು ಅವರಿಗೆ ಹಾಗೇ ಹೇಳಿದೆ. ಅದರ ಮೇಲೆ ನಾನು ಇನ್ನೇನೂ ಹೇಳಬೇಕಾಗಲಿಲ್ಲ.

ಉಳಿದದ್ದು ಫುಟ್‌ಬೋರ್ಡ್. ಎತ್ತರದ ಗಾಡಿ, ವಯಸ್ಸಾದವರು ಹತ್ತಲು ಮೆಟ್ಟಿಲು ಬೇಕು. ಮೆಟ್ಟಿಲು ಕೆಳಗೆ ಜೋತುಬಿದ್ದರೆ ಕಲ್ಲಿಗೆ ಮೊದಲು ತಾಗುವುದು ಅದೇ. ಒಳಗೆ ಮಡಚಿಕೊಳ್ಳುವ ಮೋಟಾರಿನದು ಹಾಕೋಣ ಅಂದರು, ಅದರ ಕೀಲುಗಳಿಗೆ ಕೆಮ್ಮಣ್ಣು ಹೊಕ್ಕು ಒಣಗಿದರೆ ಕಲ್ಲಿನ ಹಾಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ನಾನು ಹಟ ಹಿಡಿದು ಫುಟ್‌ಬೋರ್ಡ್ ತೆಗೆಸಿದೆ, ಬದಲಿಗೆ ಬಾಗಿಲ ಪಕ್ಕದ ಕಂಬಗಳಿಗೆ ಗಟ್ಟಿ ಹಿಡಿ ಹಾಕಿಸಿದೆ. ಆಫೀಸಿನಲ್ಲಿ ಇಪ್ಪತ್ತು ಜನ ಹತ್ತಿ ನೋಡಿದರು, ಎಲ್ಲರೂ ಆರಾಮ ಅಂದರು.

ಕಂಪನಿಯಲ್ಲಿ ಮನೆಯವರನ್ನು ಕರೆದುಕೊಂಡು ಬರುವ ದಿನ ಅಮ್ಮನನ್ನು ಕರೆದೊಯ್ದೆ. ಅವಳಿಗೆ ಎಪ್ಪತ್ತರ ಹತ್ತಿರ, ಮಂಡಿ ನೋವು, ಮೇಲೆ ರೇಷ್ಮೆ ಸೀರೆ ಬೇರೆ. ಹಿಂದಿನ ಸೀಟಿಗೆ ಹಿಡಿ ಹಿಡಿದು, ಒಂದು ಸಲ ಉಸಿರು ತೆಗೆದುಕೊಂಡು ಹತ್ತಿಯೇಬಿಟ್ಟಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಪಕ್ಕದಲ್ಲಿದ್ದ ಫುಟ್‌ಬೋರ್ಡ್ ಪರ ಇದ್ದ ಗೆಳೆಯನ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಮ್ಮ ಸೀಟು ಸವರಿ ನೋಡಿದಳು, ಗಾಜಿನ ಛಾವಣಿ ನೋಡಿದಳು, ಚೆನ್ನಾಗಿದೆ ಅಂದಳು. ಆಮೇಲೆ ಬಾಗಿಲಿನಿಂದ ಕೆಳಗೆ ಬಗ್ಗಿ ನೆಲವನ್ನು ಸ್ವಲ್ಪ ಹೊತ್ತು ನೋಡಿ ಕೇಳಿದಳು.

'ಹತ್ತಿದ್ದಾಯ್ತು ಕಣೋ. ಇಳಿಯೋದಕ್ಕೆ ಏನು ಮಾಡಿದ್ದೀರ?'

ಆ ಇಪ್ಪತ್ತು ಜನರಲ್ಲಿ ನಲವತ್ತು ದಾಟಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಹಾರಿ ಇಳಿದಿದ್ದರು. ಸೋಮವಾರದ ಮೀಟಿಂಗ್‌ನಲ್ಲಿ ಫುಟ್‌ಬೋರ್ಡ್ ವಿಷಯ ಮತ್ತೆ ಎತ್ತಿದವನು ನಾನೇ.