ಶೇ 3.1 ಯಾಕೆ ಏರಿತು, ಯಾಕೆ ಇಳಿಯಿತು

25 ಫೆಬ್ರವರಿ 2025, ಮಂಗಳವಾರ

ಅಂತೂ 2024 ವೈಆರ್4 ಗಲಾಟೆ ತಣ್ಣಗಾಯಿತು. ಈ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಶೇ 0.004 ಎಂದು ನಾಸಾ ನಿನ್ನೆ ಹೇಳಿದೆ. ಹೋದ ಮಂಗಳವಾರ ಇದೇ ಅಂಕಿ ಶೇ 3.1 ಇತ್ತು. ಅಂದರೆ ಸುಮಾರು 32ರಲ್ಲಿ 1. ಈ ಗಾತ್ರದ ಕಲ್ಲಿಗೆ ಇಷ್ಟು ದೊಡ್ಡ ಅಂಕಿ ಹಿಂದೆಂದೂ ಬಂದಿರಲಿಲ್ಲ.

ಹೋದ ವಾರದ ತಲೆಬರಹಗಳನ್ನು ಓದಿದವರಿಗೆ ಕಲ್ಲು ದಿನದಿನಕ್ಕೂ ನಮ್ಮ ಕಡೆಗೇ ತಿರುಗುತ್ತಿದೆ ಅನ್ನಿಸಿರಬೇಕು. ನಿಜ ಹೇಳಬೇಕೆಂದರೆ ಅದು ಆಗ ನಮ್ಮಿಂದ ದೂರ ಓಡುತ್ತಿತ್ತು. ಭೂಮಿಗೆ ತೀರಾ ಹತ್ತಿರ ಬಂದು ಹೋದದ್ದು 2024ರ ಡಿಸೆಂಬರ್ 25ರಂದು, ಎಂಟು ಲಕ್ಷ ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ. ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕದ ಕಣ್ಣಿಗೆ ಬಿದ್ದದ್ದು 27ಕ್ಕೆ. ಬಂದು ಹೋದ ಮೇಲೆ ಗೊತ್ತಾಯಿತು! ಸೂರ್ಯನ ಬೆಳಕಿನ ಕಡೆಯಿಂದ ಬಂದರೆ ಹಾಗೇ, ನೆಲದ ಮೇಲಿನ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ.

ಮತ್ತೆ ಅಂಕಿ ಏರಿದ್ದು ಯಾಕೆ? ಬೀಗದಕೈ ಕಳೆದಿದೆ, ಹತ್ತು ಡ್ರಾಯರ್‌ಗಳಲ್ಲಿ ಎಲ್ಲೋ ಇದೆ ಅಂದುಕೊಳ್ಳಿ. ಆರನ್ನು ತೆಗೆದು ನೋಡಿಯಾಯಿತು, ಸಿಗಲಿಲ್ಲ. ಈಗ ಉಳಿದ ನಾಲ್ಕರ ಮೇಲೂ ಅನುಮಾನ ಜಾಸ್ತಿ ಆಗುತ್ತದೆ, ಅಲ್ವಾ? ಕೊನೆಗೆ ಇನ್ನೆಲ್ಲೋ ಸಿಕ್ಕ ತಕ್ಷಣ ನಾವು ಕಣ್ಣಿಟ್ಟಿದ್ದ ಡ್ರಾಯರ್ ಮೇಲಿನ ಅನುಮಾನ ಸೊನ್ನೆ. 2032ರಲ್ಲಿ ಕಲ್ಲು ಇರಬಹುದಾದ ಜಾಗ ಆಕಾಶದಲ್ಲಿ ಒಂದು ಉದ್ದನೆಯ ಪಟ್ಟಿಯ ಹಾಗೆ, ಮೊದಲು ಅದು ಲಕ್ಷಾಂತರ ಕಿಲೋಮೀಟರ್ ಉದ್ದ ಇತ್ತು. ಭೂಮಿ ಅದರೊಳಗೆ ಒಂದು ಚುಕ್ಕೆ. ಹೊಸ ಅಳತೆ ಬಂದಷ್ಟೂ ಪಟ್ಟಿ ಗಿಡ್ಡವಾಯಿತು, ಭೂಮಿ ಇನ್ನೂ ಒಳಗೇ ಉಳಿಯಿತು, ಪಟ್ಟಿಯಲ್ಲಿ ಅದರ ಪಾಲು ದೊಡ್ಡದಾಯಿತು. ಹುಣ್ಣಿಮೆಯ ಸುತ್ತಮುತ್ತ ಬೆಳದಿಂಗಳು ಅಡ್ಡ ಬಂದು ಅಳತೆ ನಿಂತಿತ್ತು. ಅದು ಕಳೆದ ಮೇಲೆ ಬಂದ ಅಳತೆಗಳಲ್ಲಿ ಫೆಬ್ರವರಿ 18ಕ್ಕೆ ಶೇ 3.1, 19ಕ್ಕೆ ಶೇ 1.5, 20ಕ್ಕೆ ಶೇ 0.28. ಪಟ್ಟಿಯ ತುದಿ ಭೂಮಿಯನ್ನು ದಾಟಿ ಆಚೆ ಸರಿದಿತ್ತು.

ಈ ನಾಟಕ ಹೊಸದೇನಲ್ಲ. 2004ರ ಡಿಸೆಂಬರ್‌ನಲ್ಲಿ ಅಪೋಫಿಸ್ ಎಂಬ ಇನ್ನೂ ದೊಡ್ಡ ಕಲ್ಲಿಗೆ, 2029ರ ಡಿಕ್ಕಿಗೆ, ಶೇ 2.7ರವರೆಗೆ ಅಂಕಿ ಏರಿತ್ತು. ಅದೇ ಹೊತ್ತಿಗೆ ಸುನಾಮಿ ಬಂತು, ಕಲ್ಲಿನ ಸುದ್ದಿ ಯಾರಿಗೂ ಬೇಕಾಗಲಿಲ್ಲ. ಡಿಸೆಂಬರ್ 27ರಂದು, ಅದೇ ವರ್ಷದ ಮಾರ್ಚ್‌ನ ಹಳೆಯ ಚಿತ್ರಗಳಲ್ಲಿ ಕಲ್ಲು ಪತ್ತೆಯಾಗಿ, 2029ರ ಭಯ ಹೋಯಿತು. ಸರಿಯಾಗಿ ಇಪ್ಪತ್ತು ವರ್ಷಕ್ಕೆ, ಅದೇ ತಾರೀಖಿಗೆ, ವೈಆರ್4 ಸಿಕ್ಕಿದೆ. ಸುಮ್ನೆ ಕಾಕತಾಳೀಯ, ಆದರೂ ಬರೆದಿಡಬೇಕು ಅನ್ನಿಸಿತು. ಅಪೋಫಿಸ್ 2029ರ ಏಪ್ರಿಲ್ 13ರಂದು ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳಿಗಿಂತಲೂ ಕೆಳಗೆ!

ಹಾಗಂತ ನಕ್ಕು ಬಿಡುವ ವಿಷಯವೂ ಅಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಕಲ್ಲು ಬರೀ 20 ಮೀಟರ್‌ನಷ್ಟು. ಅದೂ ಸೂರ್ಯನ ಕಡೆಯಿಂದಲೇ ಬಂದದ್ದು, ಯಾರೂ ಮುಂಚೆ ನೋಡಿರಲಿಲ್ಲ. ಬೆಳಕು ಹೊಳೆದದ್ದು ಏನು ಎಂದು ಜನ ಕಿಟಕಿಗೆ ಬಂದರು. ಶಬ್ದದ ಅಲೆ ಮುಟ್ಟುವುದಕ್ಕೆ ಎರಡು ನಿಮಿಷಕ್ಕೂ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಅವರು ಗಾಜಿನ ಹತ್ತಿರವೇ ನಿಂತಿದ್ದರು. ಸುಮಾರು 1,500 ಮಂದಿ ಗಾಯಗೊಂಡರು, ಹೆಚ್ಚಿನವರಿಗೆ ಗಾಜಿನ ಚೂರಿನಿಂದ. ಆಕಾಶದಲ್ಲಿ ಬೆಳಕು ಹೊಳೆದರೆ ಕಿಟಕಿಯಿಂದ ದೂರ ಸರಿಯಿರಿ ಎಂದು ಯಾಕೆ ಎಲ್ಲರಿಗೂ ಹೇಳಿಕೊಡುವುದಿಲ್ಲವೋ. ವೈಆರ್4 ಅದರ ಎರಡು ಪಟ್ಟಾದರೂ ಇದೆ, 40ರಿಂದ 90 ಮೀಟರ್ ಎಂದು 2025ರ ಫೆಬ್ರವರಿಯ ಅಂದಾಜು.

ಸೂರ್ಯನ ಕಡೆಯಿಂದ ಬರುವವುಗಳನ್ನು ಶಾಖದಿಂದ ಪತ್ತೆ ಹಚ್ಚಲು ನಾಸಾ ನಿಯೋ ಸರ್ವೇಯರ್ ಎಂಬ ದೂರದರ್ಶಕ ಕಟ್ಟುತ್ತಿದೆ, 2027ರಲ್ಲಿ ಹಾರಿಸುವ ಯೋಜನೆ. ಹಣ ಹಾಕುವುದಾದರೆ ನನ್ನ ಮಟ್ಟಿಗೆ ಇದಕ್ಕೇ ಮೊದಲು ಹಾಕಬೇಕು.

ಇನ್ನೊಂದು ಉಳಿದಿದೆ. 2032ರ ಅದೇ ಡಿಸೆಂಬರ್ 22ರಂದು ವೈಆರ್4 ಚಂದ್ರನಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿಯ ಲೆಕ್ಕದಲ್ಲಿ ಶೇ 1.7 ಇತ್ತು. ಮರುತಿಂಗಳು ಜೇಮ್ಸ್ ವೆಬ್ ದೂರದರ್ಶಕ ಕಲ್ಲನ್ನು ನೋಡುವುದಿತ್ತು. ಡ್ರಾಯರ್ ಲೆಕ್ಕದ ಪ್ರಕಾರ ಈ ಅಂಕಿಯೂ ಇನ್ನಷ್ಟು ಏರಬಹುದಿತ್ತು. ಆಗ ತಲೆಬರಹ ಬರೆಯುವವರು ಏನು ಮಾಡುತ್ತಾರೋ ಎಂದುಕೊಂಡಿದ್ದೆ.