ಬೆಸುಗೆಯ ಕೆಳಗೆ ಥ್ರೆಡ್ ಇದೆಯೇ: ಆಮದು ರೈಫಲ್ ಒಂದರ ಕೆಲಸ ಎಲ್ಲಿಗೆ ಬಂದಿದೆ

ನಾನು ದುರಸ್ತಿಗೆ ಎತ್ತಿಕೊಂಡಿರುವ ಎಕೆಎಂ (ಕಲಾಶ್ನಿಕೋವ್ ಬಂದೂಕಿನ ಒಂದು ರೂಪ) ಮಾದರಿಯ ಈ ಅರೆಸ್ವಯಂಚಾಲಿತ ರೈಫಲ್ ಅಮೆರಿಕಕ್ಕೆ ಆಮದಾದದ್ದು ‘ಅಸಾಲ್ಟ್ ವೆಪನ್’ ಎನ್ನುವ ಬಗೆಯ ಬಂದೂಕುಗಳ ಮೇಲಿನ ಫೆಡರಲ್ ನಿಷೇಧ ಜಾರಿಯಲ್ಲಿದ್ದ 1994ರಿಂದ 2004ರ ನಡುವೆ. ಗುಂಡು ಹಾರುವಾಗಿನ ಬೆಂಕಿಯ ಮಿಂಚನ್ನು ತಗ್ಗಿಸುವ ಫ್ಲ್ಯಾಶ್ ಸಪ್ರೆಸರ್ ಆಗಲಿ, ಅದನ್ನು ಕೂರಿಸಲು ಥ್ರೆಡ್ (ತಿರುಪಿನ ಗೆರೆ) ಹಾಕಿದ ಬ್ಯಾರೆಲ್ ಆಗಲಿ ಆ ಕಾಯ್ದೆಯ ಕಣ್ಣಿಗೆ ಬೀಳುವ ಲಕ್ಷಣವಾಗಿದ್ದುದರಿಂದ, ಕೆಲವು ರೈಫಲ್‌ಗಳ ಥ್ರೆಡ್ಡನ್ನು ಕಡೆದು ತೆಗೆದಿರುತ್ತಾರೆ, ಇನ್ನು ಕೆಲವದರ ಮೇಲೆ ನಟ್ಟನ್ನೋ ಮಜಲ್ ಬ್ರೇಕನ್ನೋ (ಗುಂಡು ಹಾರಿದಾಗಿನ ಹಿನ್ನೂಕನ್ನು ತಗ್ಗಿಸುವ ತುದಿಭಾಗ) ಬಿಗಿದು ಬೆಸೆದಿರುತ್ತಾರೆ. ಬಣ್ಣ ಬಳಿದ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಈ ಕೆಲಸದ ಬಹುಪಾಲು ಶ್ರಮ ಗುರುತಿಸುವುದಕ್ಕೇ ಸಲ್ಲುತ್ತದೆ. ನನ್ನ ಕೈಲಿರುವುದರ ತುದಿಯಲ್ಲಿ ನಟ್ಟು ಇದೆ; ಅದನ್ನು ಬಿಚ್ಚಿ ಬ್ರೇಕ್ ಕೂರಿಸುವುದು ಉದ್ದೇಶ.

ಬೆಸುಗೆಯನ್ನು ನೋಡುವುದಕ್ಕೂ ಮೊದಲು ಬ್ಯಾರೆಲ್ಲಿನ ಉದ್ದ ಗೊತ್ತಾಗಬೇಕು. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ರೈಫಲ್ಲಿನ ಬ್ಯಾರೆಲ್ 16 ಅಂಗುಲಕ್ಕಿಂತ ಕಡಿಮೆ ಇರುವಂತಿಲ್ಲ. ಇದ್ದರೆ ಎಟಿಎಫ್‌ನಿಂದ (ಬಂದೂಕುಗಳ ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಮುಂಚಿತವಾಗಿ ಅನುಮೋದನೆ ಪಡೆದಿರಬೇಕು. ಶಾಶ್ವತವಾಗಿ ಬೆಸೆದ ಜೋಡಣೆಯೂ ಈ ಉದ್ದದ ಲೆಕ್ಕಕ್ಕೆ ಸೇರುವುದರಿಂದ, ಗಿಡ್ಡ ಬ್ಯಾರೆಲ್ಲಿಗೆ ಉದ್ದನೆಯ ಬ್ರೇಕ್ ಬೆಸೆದು 16 ಅಂಗುಲ ತುಂಬಿಸಿದ ಕಾರ್ಬೈನ್‌ಗಳೂ ಇವೆ, ಮತ್ತು ಅಂಥದ್ದರ ಬೆಸುಗೆ ಬಿಚ್ಚಿದ ಕ್ಷಣವೇ ಅಪರಾಧವಾಗುತ್ತದೆ. ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಬ್ಯಾರೆಲ್ಲಿನ ಹಿಂತುದಿಯನ್ನು ಮುಚ್ಚುವ ಬೋಲ್ಟ್ ಮುಚ್ಚಿ, ಮುಂದಿನಿಂದ ಮರದ ಕಡ್ಡಿಯನ್ನು ಬೋಲ್ಟಿನ ಮುಖಕ್ಕೆ ತಾಗುವವರೆಗೆ ಇಳಿಸಿದೆ. ಬೆಳಕು ಬಿಟ್ಟು ನೋಡಿದಾಗ ಒಳಗೆ ಬ್ಯಾರೆಲ್ ಮುಗಿಯುವ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿಯವರೆಗಿನ ಅಳತೆ ಎಕೆಎಂನ ಮೂಲ ಅಳತೆಯಾದ 415 ಮಿಲಿಮೀಟರಿಗೆ, ಅಂದರೆ ಸುಮಾರು 16.3 ಅಂಗುಲಕ್ಕೆ ಸರಿಹೊಂದಿತು. ಕೆಲವು ರಾಜ್ಯಗಳಲ್ಲಿ ಇಂದಿಗೂ ಥ್ರೆಡ್ ಇರುವ ಬ್ಯಾರೆಲ್ಲಿಗೆ ನಿರ್ಬಂಧವಿದೆ. ಅದನ್ನು ಅರ ಕೈಗೆತ್ತಿಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಎಟಿಎಫ್ ಶಾಶ್ವತವೆಂದು ಒಪ್ಪುವ ವಿಧಾನಗಳು ಮೂರು: ಜೋಡಣೆಯ ಅಂಚಿನುದ್ದಕ್ಕೂ ಪೂರ್ಣ ಬೆಸುಗೆ, 1100 ಡಿಗ್ರಿ ಫ್ಯಾರನ್‌ಹೀಟ್‌ನ ಬೆಳ್ಳಿ ಬೆಸುಗೆ, ಮತ್ತು ಕುರುಡು ರಂಧ್ರದಲ್ಲಿ (ಆಚೆಗೆ ತೂರಿಹೋಗದ ರಂಧ್ರ) ಪಿನ್ ಇಳಿಸಿ ಅದರ ತಲೆಯ ಮೇಲೆ ಹಾಕುವ ಬೆಸುಗೆ. ಇವಲ್ಲದೆ ಒಂದೆರಡು ಚುಕ್ಕಿ ಬೆಸುಗೆಯಷ್ಟೇ ಇರುವ ನಟ್ಟುಗಳೂ ಸಿಗುತ್ತವೆ. ಬಣ್ಣವನ್ನು ಸಾಲ್ವೆಂಟಿನಿಂದ ಪೂರ್ತಿ ಕರಗಿಸಿ, ಲೋಹವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ, ಮೇಲೆ ಉಕ್ಕನ್ನು ಕಪ್ಪಾಗಿಸುವ ಕೋಲ್ಡ್ ಬ್ಲೂ ದ್ರಾವಣ ಸವರಿದರೆ ಬೆಸುಗೆಯ ಲೋಹ ಸುತ್ತಲಿನ ಉಕ್ಕಿಗಿಂತ ಬೇರೆ ಛಾಯೆಗೆ ತಿರುಗುತ್ತದೆ. ಬರಿಗಣ್ಣಿಗೆ ಏನೂ ಕಾಣದ ಕಡೆ ಈ ಉಪಾಯ ನನಗೆ ಉಳಿದೆಲ್ಲ ಸಲಕರಣೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ಇಲ್ಲಿ ಕಾಣಿಸಿಕೊಂಡದ್ದು ನಟ್ಟಿನ ಹಿಂಬದಿಯಲ್ಲಿ, ಮುಂದಿನ ಗುರಿಕಟ್ಟೆಗೆ ತಾಗಿದಂತೆ, ಎದುರುಬದುರಾಗಿರುವ ಎರಡು ಚುಕ್ಕಿಗಳು. ಬೆಳ್ಳಿ ಬೆಸುಗೆಯಾಗಿದ್ದರೆ ಅಂಚಿನುದ್ದಕ್ಕೂ ಬಿಳಿಚಿದ ತೆಳುಗೆರೆ ಕಾಣಬೇಕಿತ್ತು. ಅದನ್ನು ಬಿಡಿಸಲು ಬೇಕಾದ ಶಾಖ ಬ್ಯಾರೆಲ್ಲಿಗೆ ಒಳ್ಳೆಯದಲ್ಲವಾದ್ದರಿಂದ, ಅಂಥದ್ದನ್ನು ಪರವಾನಗಿ ಇರುವ ಗನ್‌ಸ್ಮಿತ್‌ನ (ಬಂದೂಕು ದುರಸ್ತಿಗಾರ) ಕೈಗೇ ಒಪ್ಪಿಸಬೇಕೆಂದು ಮೊದಲೇ ನಿರ್ಧರಿಸಿದ್ದೆ.

ಬಿಡಿಸುವ ಕೆಲಸ ಸರಳವಾಗಿಯೇ ನಡೆಯಿತು. ಬ್ಯಾರೆಲ್ಲನ್ನು ಅಲ್ಯೂಮಿನಿಯಂ ಹಲ್ಲುಗಳ ವೈಸಿನಲ್ಲಿ ಹಿಡಿಸಿದ್ದೆ. ರಿಸೀವರನ್ನು (ಬ್ಯಾರೆಲ್ ಕೂರುವ ಬಂದೂಕಿನ ಒಡಲು) ಹಿಡಿದು ತಿರುಚಿದರೆ ಬಲವೆಲ್ಲ ತಪ್ಪು ಜಾಗಕ್ಕೆ ಹೋಗುತ್ತದೆ. ಚುಕ್ಕಿಗಳನ್ನು ವಿದ್ಯುತ್ ಉಪಕರಣ ಬಳಸದೆ ಸಣ್ಣ ಅರದಿಂದ, ಬಣ್ಣದ ವ್ಯತ್ಯಾಸ ಮಾಯವಾಗುವವರೆಗೆ ಮಾತ್ರ, ನಟ್ಟಿನ ಕಡೆಯಿಂದಲೇ ಉಜ್ಜಿದೆ. ನಟ್ಟು ಹಾಳಾದರೆ ನಷ್ಟವಿಲ್ಲ, ಬ್ಯಾರೆಲ್ಲಿಗೆ ಗೀರು ಬೀಳಬಾರದು. ಎಕೆಎಂನ ಥ್ರೆಡ್ 14×1 ಮಿಲಿಮೀಟರಿನದು ಮತ್ತು ಎಡಗೈ ಥ್ರೆಡ್ ಆದ್ದರಿಂದ ನಟ್ಟು ಸಡಿಲವಾಗುವುದು ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೆ. ಇದನ್ನು ಮರೆತವರು ಬಿಚ್ಚುತ್ತಿದ್ದೇವೆಂದುಕೊಂಡು ಇನ್ನಷ್ಟು ಬಿಗಿಯುತ್ತಾರೆ.

ನಟ್ಟು ಹೊರಬಂದಾಗ ಒಳಗಿನ ಥ್ರೆಡ್ ಇಡಿಯಾಗಿಯೇ ಇತ್ತು. ಹಿಂಬದಿಯ ಮೊದಲ ಸುತ್ತಿನಲ್ಲಿ ಮಾತ್ರ ಬೆಸುಗೆಯ ಕಣಗಳು ಅಂಟಿಕೊಂಡಿದ್ದವು. ಅದೇ ಅಳತೆಯ ಎಡಗೈ ಡೈಯನ್ನು (ಥ್ರೆಡ್ ಕೊರೆಯುವ ಉಪಕರಣ) ಎಣ್ಣೆ ಹಾಕಿ ನಿಧಾನವಾಗಿ ಓಡಿಸಿ ಅದನ್ನು ಸ್ವಚ್ಛಗೊಳಿಸಿದ್ದೇನೆ. ಈಗ ಬ್ರೇಕ್ ಆರಿಸಬೇಕಾಗಿದೆ. ಆಮದು ರೈಫಲ್ಲಿನ ಜೋಡಣೆಗೆ ಅನ್ವಯಿಸುವ ಫೆಡರಲ್ ಕಾನೂನಿನ 922(ಆರ್) ನಿಯಮದ 20 ಭಾಗಗಳ ಪಟ್ಟಿಯಲ್ಲಿ ಮಜಲ್ ಜೋಡಣೆಯೂ ಇದೆ, ಅವುಗಳಲ್ಲಿ ವಿದೇಶಿ ಭಾಗಗಳು ಹತ್ತನ್ನು ಮೀರುವಂತಿಲ್ಲ. ಆದ್ದರಿಂದ ಅಮೆರಿಕದಲ್ಲೇ ತಯಾರಾದ ಬ್ರೇಕನ್ನೇ ಹಾಕಲಿದ್ದೇನೆ. ಅದನ್ನು ಕೂರಿಸಿದ ಮೇಲೆ ಬ್ರೇಕಿನ ರಂಧ್ರವೂ ಬ್ಯಾರೆಲ್ಲೂ ಒಂದೇ ನೇರದಲ್ಲಿವೆಯೇ ಎಂದು ಅಲೈನ್‌ಮೆಂಟ್ ರಾಡ್ (ನೇರ ಸರಳು) ಇಳಿಸಿ ನೋಡುವವರೆಗೆ ಈ ರೈಫಲ್ಲಿನಿಂದ ಗುಂಡು ಹಾರಿಸುವುದಿಲ್ಲ.