ಹಯ್ ಇಬ್ನ್ ಯಕ್ಝಾನ್: ಎಲ್ಲಿಂದ ಓದಲು ಶುರುಮಾಡಬೇಕು?

ಶಿವಮೊಗ್ಗ ಕಡೆ ಮಳೆ ಹಿಡಿದು ಕೂತಾಗ ನಾಲ್ಕೈದು ಸಂಜೆಗಳಲ್ಲಿ ಓದಿ ಮುಗಿಸಬಹುದಾದ ಸಣ್ಣ ಪುಸ್ತಕ. ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಹಯ್ ಎಂಬ ಹುಡುಗ ಸ್ವಂತ ಬುದ್ಧಿಯಿಂದಲೇ ಸತ್ಯ ಕಂಡುಕೊಳ್ಳುವ ಕಥೆ. ಬರೆದವನು ಇಬ್ನ್ ತುಫೈಲ್, 12ನೇ ಶತಮಾನದ ಆಂಡಲೂಸಿಯಾದ (ಮುಸ್ಲಿಂ ಆಳ್ವಿಕೆಯ ಸ್ಪೇನ್) ವೈದ್ಯ, 1185ರಲ್ಲಿ ತೀರಿಕೊಂಡ. ಇದೇ ಹೆಸರಿನ ಕೃತಿ ಅವನಿಗಿಂತ ಹಿಂದಿನ ತತ್ವಜ್ಞಾನಿ ಇಬ್ನ್ ಸೀನಾನದೂ ಉಂಟು, ಅದು ಬೇರೆ. ತರಿಸುವಾಗ ಲೇಖಕನ ಹೆಸರು ನೋಡಿಕೊಳ್ಳಿ.

ಬಹಳ ಜನ ಮುನ್ನುಡಿಯಲ್ಲೇ ಸೋತು ಕೈಬಿಡುತ್ತಾರೆ. ಅಲ್ಲಿರುವುದು ಫಾರಾಬಿ, ಗಝಾಲಿ ಮೊದಲಾದ ಹಿಂದಿನ ಚಿಂತಕರ ವಿಮರ್ಶೆ. ಅದನ್ನು ಕೊನೆಗಿಟ್ಟು ದ್ವೀಪದಿಂದಲೇ ಹೊರಡಿ. ಮಗು ಅಲ್ಲಿಗೆ ಬಂದದ್ದಕ್ಕೆ ಎರಡು ವಿವರಣೆ: ಪೆಟ್ಟಿಗೆಯಲ್ಲಿ ತೇಲಿಬಂದ ಕೂಸು, ಇಲ್ಲವೇ ದೋಸೆಹಿಟ್ಟಿನಂತೆ ಹುದುಗು ಬಂದ ಜೇಡಿಮಣ್ಣಿನಲ್ಲಿ ತಾನಾಗಿ ಮೂಡಿದ ಜೀವ. ಇಲ್ಲೇ ವಾದಕ್ಕೆ ಕೂತರೆ ಮುಂದೆ ಹೋಗುವುದಿಲ್ಲ.

ನಿಧಾನವಾಗಿ ಓದಬೇಕಾದದ್ದು ಸಾಕುತಾಯಿ ಜಿಂಕೆ ಸತ್ತ ಭಾಗ. ಹುಡುಗ ಕಣ್ಣು, ಕಿವಿ ನೋಡುತ್ತಾನೆ, ಎಲ್ಲೂ ಪೆಟ್ಟಿಲ್ಲ. ಚೂಪುಗಲ್ಲಿನಿಂದ ಎದೆ ಸೀಳಿ ಹೃದಯ ತೆರೆಯುತ್ತಾನೆ: ಬಲಗೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತ, ಎಡಗೋಣೆ ಖಾಲಿ. ಇಲ್ಲಿದ್ದದ್ದೇ ಹೊರಟುಹೋಗಿದೆ, ತಾನು ಪ್ರೀತಿಸಿದ್ದು ಅದನ್ನೇ, ಈ ಒಡಲನ್ನಲ್ಲ ಅಂದುಕೊಳ್ಳುತ್ತಾನೆ. ಹೂಳುವುದನ್ನು ಕಾಗೆಯಿಂದ ಕಲಿಯುತ್ತಾನೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಎದೆಗೆ ನಾಟುವ ಪುಟಗಳಿಲ್ಲ.

ಆಮೇಲೆ ಹಯ್‌ನ ವಯಸ್ಸನ್ನು ಏಳೇಳು ವರ್ಷದ ಹಂತಗಳಲ್ಲಿ ಗುರುತು ಹಾಕಿಕೊಳ್ಳಿ, ವಾದದ ಎಳೆ ತಪ್ಪುವುದಿಲ್ಲ. ಕಾಡಿನಲ್ಲಿ ಬದುಕಿ ಉಳಿದವನ ಸಾಹಸಕಥೆ ಅಂತ ಹಿಡಿದರೆ ನಕ್ಷತ್ರ, ಧ್ಯಾನದ ಭಾಗ ಬೇಸರ ತರುತ್ತದೆ. ಕೊನೆಗೆ ಪಕ್ಕದ ದ್ವೀಪದಿಂದ ಅಬ್ಸಾಲ್ ಎಂಬ ದೈವಭಕ್ತ ಬಂದು ಹಯ್‌ಗೆ ಮಾತು ಕಲಿಸುತ್ತಾನೆ. ಇಬ್ಬರೂ ಆ ದ್ವೀಪಕ್ಕೆ ಹೋಗಿ ಹಯ್ ಕಂಡುಕೊಂಡದ್ದನ್ನು ಜನರಿಗೆ ತಿಳಿಹೇಳಲು ನೋಡಿ, ಆಗದೆ ಮರಳುತ್ತಾರೆ. ಮುನ್ನುಡಿಗೆ ಈಗ ತಿರುಗಿ ಬನ್ನಿ.